ನಿಪ್ಪಟ್ಟಿನ ಫ್ಯಾಕ್ಟರಿಯ ಕೊನೆಯ ಕೊಪ್ಪರಿಗೆ

ನಾನು ಚಿಕ್ಕವಳಿದ್ದಾಗ, ಒಂದು ಸೋಮವಾರ ಬೆಳಿಗ್ಗೆ, ಅಪ್ಪನ ಕೈ ಹಿಡಿದು ಫ್ಯಾಕ್ಟರಿಗೆ ಹೊರಟೆ. ಆ ದಿನ ಏನೇನು ಕೆಡಬಹುದು ಎಂಬುದನ್ನು ಮನೆಯಿಂದ ಗೇಟು ಸೇರುವಷ್ಟರಲ್ಲೇ ಯೋಚಿಸಿ ಮುಗಿಸಿದ್ದೆ. ಯಾರಾದರೂ ಕಲ್ಲು ಎಸೆಯಬಹುದು. ಆ ಕಲ್ಲು ಅಪ್ಪನಿಗೆ ತಾಗದೆ ನನಗೆ ತಾಗಬಹುದು. ಪೊಲೀಸರು ಲಾಠಿ ಬೀಸಬಹುದು. ಅಪ್ಪನನ್ನು ವ್ಯಾನು ಹತ್ತಿಸಿ ಕೋಲಾರಕ್ಕೆ ಕರೆದೊಯ್ಯಬಹುದು, ನನ್ನನ್ನು ಯಾರೂ ಗಮನಿಸದೆ ಅಲ್ಲೇ ಬಿಟ್ಟು ಹೋಗಬಹುದು. ಮೂರು ವಾರದಿಂದ ತಣ್ಣಗಿದ್ದ ಒಲೆ ಹಚ್ಚಿದ ಕೂಡಲೇ ಸಿಡಿಯಬಹುದು. ಎಣ್ಣೆ ಉಕ್ಕಬಹುದು. ಅಕ್ಕ ಎಲ್ಲರೆದುರು ‘ಈಯಪ್ಪ ಯಾರೋ ನನಗೆ ಗೊತ್ತಿಲ್ಲ’ ಎಂದುಬಿಡಬಹುದು. ಇಷ್ಟರ ಮಧ್ಯೆ ನನ್ನ ಚಪ್ಪಲಿಯ ಬಾರು ಕಿತ್ತುಹೋಗಬಹುದು.

ಇವುಗಳಲ್ಲಿ ಒಂದೂ ಆಗಲಿಲ್ಲ. ಬಾರು ಕೂಡ ಕಿತ್ತುಹೋಗಲಿಲ್ಲ. ಆ ದಿನ ಕೆಟ್ಟದ್ದು ತೀರ ಸಣ್ಣದೊಂದು, ನನ್ನಂಥ ಚಿಂತೆಯ ಮೂಟೆಗೂ ಹೊಳೆಯದೆ ಹೋದದ್ದು. ಅದನ್ನೇ ನಿಮಗೆ ಹೇಳಲು ಕೂತಿದ್ದೇನೆ.

ನಮ್ಮ ಮನೆ ಮಾಲೂರಿನಲ್ಲಿ, ರೈಲು ಹಳಿಯ ಆಚೆ ಬದಿಗಿತ್ತು. ಅಲ್ಲಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ನಿಪ್ಪಟ್ಟಿನ ಫ್ಯಾಕ್ಟರಿ. ಅದರ ಹಳದಿ ಪೊಟ್ಟಣ ಆಗ ಎಲ್ಲ ಕಡೆಯೂ ಸಿಗುತ್ತಿತ್ತು. ಬೆಂಗಳೂರಿನ ಅಂಗಡಿಗಳಲ್ಲಿ, ರೈಲಿನ ಡಬ್ಬಿಗಳಲ್ಲಿ, ನಂಗಲಿಯ ಹೆದ್ದಾರಿಯಲ್ಲಿ ಲಾರಿ ನಿಲ್ಲುವ ಚಹಾದಂಗಡಿಗಳಲ್ಲಿ. ಬೆಳಿಗ್ಗೆ ಏಳರ ಹೊತ್ತಿಗೆ ಕಾದ ಎಣ್ಣೆಯ ವಾಸನೆ, ಅದರ ಬೆನ್ನಿಗೆ ಕರಿಬೇವು, ಆಮೇಲೆ ಹುರಿದ ಕಡಲೆಕಾಯಿ ಬೀಜದ ವಾಸನೆ ನಮ್ಮ ಬೀದಿಗೆ ಬರುತ್ತಿತ್ತು. ಗಡಿಯಾರವಿಲ್ಲದ ನಮ್ಮ ಮನೆಯಲ್ಲಿ ಸ್ಕೂಲಿಗೆ ಏಳುವ ಹೊತ್ತು ಗೊತ್ತಾಗುತ್ತಿದ್ದುದು ಮೂಗಿನಿಂದ.

ಅಪ್ಪ ಅಲ್ಲಿ ಹಿಟ್ಟು ಕಲಸುವವನು. ನಮ್ಮೂರಿನ ಕಲ್ಯಾಣಿಯಷ್ಟು ದೊಡ್ಡದು ಎಂದು ನನಗೆ ಕಾಣುತ್ತಿದ್ದ ಕೊಪ್ಪರಿಗೆಯಲ್ಲಿ ಅಕ್ಕಿ ಹಿಟ್ಟು, ಪುಡಿ ಮಾಡಿದ ಹುರಿಗಡಲೆ, ಎಳ್ಳು, ಒಣಮೆಣಸಿನ ಪುಡಿ ಹಾಕಿ, ಮೇಲೆ ಕಾದ ಎಣ್ಣೆ ಹೊಯ್ದು, ಮೊಣಕೈವರೆಗೂ ಕೈ ಇಳಿಸಿ ಕಲಸುತ್ತಿದ್ದ. ಅಳತೆ ಎಂಬುದು ಯಾವ ಪುಸ್ತಕದಲ್ಲೂ ಇರಲಿಲ್ಲ, ಅಪ್ಪನ ಅಂಗೈಯಲ್ಲಿತ್ತು. ನನ್ನ ಅಕ್ಕ ಅದರ ಪಕ್ಕದ ಕೋಣೆಯಲ್ಲಿ ಹೆಂಗಸರ ಜೊತೆ ಕೂತು ಪೊಟ್ಟಣ ಕಟ್ಟುತ್ತಿದ್ದಳು.

ಈ ಹೆಂಗಸರಿಗೂ ಅಪ್ಪನಿಗೂ ದಿನಾ ಒಂದು ಜಗಳವಿತ್ತು. ಅವರು ತಮ್ಮ ಕೋಣೆಗೆ ಹೋಗಬೇಕಾದರೆ ಕೊಪ್ಪರಿಗೆಯ ಮುಂದೆಯೇ ಹಾದು ಹೋಗಬೇಕು. ಹೋಗುವಾಗ ಯಾರಾದರೊಬ್ಬರು ‘ಉಪ್ಪು ಏಸ್ತಿವಾ ಅಣ್ಣಾ?’ ಎಂದು ತೆಲುಗಿನಲ್ಲಿ ರಾಗವಾಗಿ ಕೇಳುವರು. ಉಪ್ಪು ಹಾಕಿದೆಯಾ ಎಂದು. ನಮ್ಮ ಕಡೆ ತಮಾಷೆ ಮಾಡುವಾಗ ನಾಲಿಗೆ ತಾನೇ ತೆಲುಗಿಗೆ ಹೊರಳುತ್ತದೆ. ‘ನಿಮ್ಮಮ್ಮ ಹುಟ್ಟೋಕ್ಮುಂಚೇನೆ ಹಾಕಿದೀನಿ, ನಡೀರಿ ನಡೀರಿ’ ಎಂದು ಅಪ್ಪ ಗದರುವನು. ಅವರು ನಗುತ್ತಾ ಒಳಗೆ ಹೋಗುವರು. ಮನೆಗೆ ಬಂದು ಅಪ್ಪ ಅಮ್ಮನ ಹತ್ತಿರ ಗೊಣಗುವನು. ಇಷ್ಟು ವರ್ಷವಾಯಿತು, ಒಂದು ದಿನ ಮರೆತಿಲ್ಲ, ಆದರೂ ಇವರ ಬಾಯಿ ಮುಚ್ಚಲ್ಲ ಎಂದು.

ಇನ್ನೊಂದು ಪದ್ಧತಿಯೂ ಇತ್ತು. ಎಣ್ಣೆಯಿಂದ ಎದ್ದ ಮೊದಲ ನಿಪ್ಪಟ್ಟನ್ನು ಅಪ್ಪ ತಿನ್ನುತ್ತಿರಲಿಲ್ಲ. ಕಲಸಿದವನು ತನ್ನ ನಾಲಿಗೆಯನ್ನು ತಾನು ನಂಬಬಾರದು ಎನ್ನುತ್ತಿದ್ದ. ಅದು ಹೆಂಗಸರ ಕೋಣೆಗೆ ಹೋಗುತ್ತಿತ್ತು. ಅವರು ಮುರಿದು ಚೂರು ಚೂರಾಗಿ ಹಂಚಿಕೊಂಡು ಹೂಂ ಎಂದ ಮೇಲೆಯೇ ಉಳಿದದ್ದು ಬಾಣಲೆಗೆ ಇಳಿಯುತ್ತಿದ್ದುದು.

ಅಪ್ಪ ಖಾಯಂ ನೌಕರ. ಅಕ್ಕನೂ ಉಳಿದ ಹೆಂಗಸರೂ ಎಷ್ಟು ವರ್ಷ ದುಡಿದರೂ ದಿನಗೂಲಿಯವರೇ. ಜ್ವರ ಬಂದು ಒಂದು ವಾರ ಮಲಗಿದರೆ ಕೆಲಸ ಇನ್ನೊಬ್ಬರ ಪಾಲು. ನಮ್ಮನ್ನೂ ಖಾಯಂ ಮಾಡಿ ಎಂದು ಅವರು ಕೇಳಿದರು. ಆಮೇಲೆ ಆಗಲಿ ಎಂದರು ಯಜಮಾನರು. ಮತ್ತೆ ಕೇಳಿದರು, ಮತ್ತೆ ಅದೇ ಉತ್ತರ. ಒಂದು ದಿನ ಎಲ್ಲರೂ ಎದ್ದು ಹೊರಗೆ ಬಂದು ಗೇಟಿನ ಮುಂದೆ ಕೂತರು. ಅಕ್ಕ ಮೊದಲ ಸಾಲಿನಲ್ಲಿ. ಕೊಪ್ಪರಿಗೆ, ಬಾಣಲೆ ಎಲ್ಲ ನಿಂತವು. ಅಪ್ಪ ಹೊರಗೆ ಹೋಗಿ ಕೂರಲೂ ಇಲ್ಲ, ಒಳಗೆ ಹೋಗಲೂ ಇಲ್ಲ, ಮನೆಯಲ್ಲೇ ಉಳಿದ. ಮೂರು ವಾರ ಅಂಗಳದಲ್ಲಿ ಗುಡಿಸಿದ್ದನ್ನೇ ಗುಡಿಸಿದ. ಅಕ್ಕ ಅವನ ಜೊತೆ ಮಾತು ಬಿಟ್ಟಳು. ಹೇಳಬೇಕಾದದ್ದನ್ನು ನನಗೆ ಹೇಳುವಳು, ನಾನು ಎರಡು ಹೆಜ್ಜೆ ನಡೆದು ಅಪ್ಪನಿಗೆ ಹೇಳಬೇಕು. ಬೆಳಿಗ್ಗೆ ವಾಸನೆ ಬಾರದೆ ನಾನು ಸ್ಕೂಲಿಗೆ ಎರಡು ಸಲ ತಡವಾಗಿ ಹೋಗಿ ಬೆಂಚಿನ ಮೇಲೆ ನಿಂತೆ.

ಭಾನುವಾರ ಸಂಜೆ ಮೇನೇಜರು ಸ್ಕೂಟರಿನಲ್ಲಿ ಮನೆಗೆ ಬಂದರು. ಕೆಟ್ಟ ಮನುಷ್ಯರಲ್ಲ ಅವರು. ಅಮ್ಮ ಕೊಟ್ಟ ಕಾಫಿ ಕುಡಿದು, ಲೋಟ ಕೆಳಗಿಟ್ಟು ಹೇಳಿದರು. ನಾಳೆ ಒಂದು ವ್ಯಾನಿನಷ್ಟಾದರೂ ಮಾಲು ಬೆಂಗಳೂರಿಗೆ ಹೋಗದಿದ್ದರೆ ಯಜಮಾನರು ಫ್ಯಾಕ್ಟರಿಯನ್ನು ಪೂರ್ತಿ ಮುಚ್ಚುತ್ತಾರಂತೆ. ಕೆಲಸಕ್ಕೆ ಬೇರೆ ಊರಿನಿಂದ ಹತ್ತು ಜನ ಬಂದಿದ್ದಾರೆ, ಆದರೆ ಕಲಸುವ ಕೈ ಇಲ್ಲ.

ಮೇನೇಜರು ಹೋದ ಮೇಲೆ ಅಕ್ಕ ನನ್ನನ್ನು ನೋಡಿಕೊಂಡು, ‘ಒಳಕ್ಕೆ ಹೋಗೋರು ನಮ್ಮ ತಲೆ ತುಳ್ಕೊಂಡ್ ಹೋಗ್ಲಿ ಅಂತ ಹೇಳೇ’ ಎಂದಳು. ಆ ಮಾತನ್ನು ಅಪ್ಪನಿಗೆ ಮುಟ್ಟಿಸಲು ನನ್ನ ನಾಲಿಗೆ ಏಳಲಿಲ್ಲ. ಮುಟ್ಟಿಸುವ ಅಗತ್ಯವೂ ಇರಲಿಲ್ಲ, ಅಪ್ಪ ಅಲ್ಲೇ ಇದ್ದ. ‘ಬಾಗಿಲು ಮುಚ್ಚಿದ್ ಮೇಲೆ ಯಾವ ಖಾಯಂ ಸಿಗುತ್ತಂತೆ, ಕೇಳೇ ಅವಳ್ನ’ ಎಂದ. ನಾನು ಇಬ್ಬರ ನಡುವೆ ಉಗುರು ಕಚ್ಚುತ್ತಾ ನಿಂತೆ.

ಬೆಳಿಗ್ಗೆ ಅಕ್ಕ ಬೇಗ ಹೊರಟುಹೋದಳು. ಅಪ್ಪ ಸ್ನಾನ ಮಾಡಿ, ಕೆಲಸಕ್ಕೆ ಹಾಕುವ ಅಂಗಿ ತೊಟ್ಟ. ನನ್ನನ್ನು ಜೊತೆಗೆ ಕಳಿಸುವ ಯೋಚನೆ ಅಮ್ಮನದು. ‘ಮಗು ಜೊತೇಲಿದ್ರೆ ಯಾರೂ ಕಲ್ಲೆತ್ತಲ್ಲ’ ಎಂದಳು. ಈಗ ನೆನೆದರೆ ನಗು ಬರುತ್ತದೆ. ನಾನು ಸೀನಿದರೂ ಟೈಫಾಯ್ಡ್ ಎಂದು ಹೆದರುತ್ತಿದ್ದ ಅಮ್ಮ, ಅಂದು ನನ್ನನ್ನು ಗುರಾಣಿ ಮಾಡಿ ಕಳಿಸಿದಳು. ನನ್ನ ಚಿಂತೆ ಯಾರಿಂದ ಬಂದ ಆಸ್ತಿ ಎಂದು ನಿಮಗೆ ತಿಳಿಯಿತಲ್ಲ.

ಗೇಟಿನ ಮುಂದೆ ಹೆಂಗಸರು ಕಾಲು ಚಾಚಿ ಕೂತಿದ್ದರು. ಅಪ್ಪನನ್ನು ನೋಡಿ ಮಾತು ನಿಲ್ಲಿಸಿದರು. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಒಬ್ಬೊಬ್ಬರೇ ಕಾಲು ಮಡಚಿಕೊಂಡು ದಾರಿ ಬಿಟ್ಟರು. ಅಕ್ಕ ಮಾತ್ರ ಕಾಲು ಮಡಚಲಿಲ್ಲ. ಅಪ್ಪ ಅವಳ ಪಾದದ ಮುಂದೆ ಒಂದು ಕ್ಷಣ ನಿಂತು, ಸುತ್ತಿಕೊಂಡು ಹೋದ. ಅಪ್ಪನ ಕೈ ಬೆವರಿತ್ತೋ ನನ್ನದೋ, ನನ್ನ ಬೆರಳು ಜಾರಿ ಜಾರಿ ಹೋಗುತ್ತಿತ್ತು.

ಒಳಗೆ ಎಲ್ಲ ಬಿಕೋ ಎನ್ನುತ್ತಿತ್ತು. ಹಳೆಯ ಎಣ್ಣೆಯ ಕಮಟು ವಾಸನೆ. ಹೊಸ ಜನ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಾ ನಿಂತಿದ್ದರು. ಅಪ್ಪ ಒಲೆ ಹಚ್ಚಿಸಿದ. ಸಿಡಿಯಲಿಲ್ಲ. ನಾನು ಕಿಟಕಿಯ ಪಕ್ಕ ನಿಂತು ಹೊರಗಿನಿಂದ ಕಲ್ಲು ಬರುತ್ತದೇನೋ ಎಂದು ಒಂದು ಕಣ್ಣಿನಿಂದ, ಎಣ್ಣೆ ಉಕ್ಕುತ್ತದೇನೋ ಎಂದು ಇನ್ನೊಂದು ಕಣ್ಣಿನಿಂದ ಕಾವಲು ಕಾಯುತ್ತಿದ್ದೆ. ಅಪ್ಪ ಹಿಟ್ಟು ಸುರಿದ, ಎಳ್ಳು ಚೆಲ್ಲಿದ, ಬಿಸಿ ಎಣ್ಣೆ ಹೊಯ್ದ, ಕಲಸಿದ. ಕಲಸುತ್ತಾ ಕಲಸುತ್ತಾ ಎರಡು ಸಲ ಬಾಗಿಲ ಕಡೆ ನೋಡಿದ. ಅಲ್ಲಿ ಯಾರೂ ಹಾದು ಹೋಗಲಿಲ್ಲ.

ಮೊದಲ ನಿಪ್ಪಟ್ಟು ಎಣ್ಣೆಯಲ್ಲಿ ಮುಳುಗಿ, ಗುಳ್ಳೆ ಬಿಡುತ್ತಾ ಮೇಲೆ ಬಂತು. ಮೂರು ವಾರದ ಮೇಲೆ ಆ ವಾಸನೆ. ನನ್ನ ಹೊಟ್ಟೆ ಎಲ್ಲ ಚಿಂತೆ ಮರೆತು ಗುರ್ ಎಂದಿತು. ಅಪ್ಪ ಅದನ್ನು ಜಾಲರಿಯಲ್ಲಿ ಎತ್ತಿ, ದಿನದಂತೆ ಹೆಂಗಸರ ಕೋಣೆಯ ಕಡೆ ತಿರುಗಿದ. ಕೋಣೆ ಖಾಲಿ. ಜಾಲರಿಯಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ಮೇನೇಜರು, ಯಾಕೆ ನಿಂತಿರಿ, ಹಾಕಿ ಹಾಕಿ, ವ್ಯಾನು ಕಾಯುತ್ತಿದೆ ಎಂದರು. ಅಪ್ಪ ಅದನ್ನು ಒಂದು ಕಾಗದದ ಮೇಲಿಟ್ಟು ನನ್ನ ಕೈಗೆ ಕೊಟ್ಟ. ‘ಅಕ್ಕನ್ಗೆ ಕೊಟ್ಟು ಬಾ’ ಎಂದ.

ಫ್ಯಾಕ್ಟರಿಯ ಅಂಗಳವನ್ನು ದಾಟಿದ್ದು ನನಗೆ ಇವತ್ತಿಗೂ ನೆನಪಿದೆ. ಕಾಗದದ ಮೂಲಕ ಬಿಸಿ ಅಂಗೈಗೆ ಹತ್ತುತ್ತಿತ್ತು. ಅಕ್ಕ ಇದನ್ನು ಮಣ್ಣಿಗೆ ಎಸೆದರೆ? ಕಾಲಿನಿಂದ ಹೊಸಕಿದರೆ? ಅಪ್ಪ ಕಿಟಕಿಯಿಂದ ನೋಡುತ್ತಿದ್ದಾನೆ. ಇನ್ನು ಈ ಜನ್ಮದಲ್ಲಿ ಇವರಿಬ್ಬರ ಮಾತು ಹೊರುವುದೇ ನನ್ನ ಕೆಲಸವಾದರೆ?

ಗೇಟಿನ ಸರಳುಗಳ ನಡುವೆ ಕೈ ತೂರಿಸಿ ಕೊಟ್ಟೆ. ಅಕ್ಕ ನಿಪ್ಪಟ್ಟನ್ನು ನೋಡಿದಳು, ನನ್ನನ್ನು ನೋಡಿದಳು. ತೆಗೆದುಕೊಂಡು ಪಟ್ ಎಂದು ಮುರಿದು, ಅಕ್ಕಪಕ್ಕದವರಿಗೆ ಚೂರು ಕೊಟ್ಟು, ತಾನೂ ಒಂದು ಚೂರು ಬಾಯಿಗೆ ಹಾಕಿಕೊಂಡಳು. ಅಗಿದಳು. ಅಗಿಯುವುದನ್ನು ನಿಲ್ಲಿಸಿದಳು.

‘ಉಪ್ಪಿಲ್ಲ’ ಎಂದಳು.

ಪಕ್ಕದವಳೂ ಅಗಿದು ನೋಡಿದಳು. ಅವಳ ಪಕ್ಕದವಳೂ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಲ್ಲೇ ವಯಸ್ಸಾದ ಒಬ್ಬಾಕೆ ಎದ್ದು, ಸೀರೆ ಕೊಡವಿ, ಫ್ಯಾಕ್ಟರಿಯ ಕಡೆ ತಿರುಗಿ ಗಟ್ಟಿಯಾಗಿ ಕೂಗಿದಳು. ‘ಉಪ್ಪು ಏಸ್ತಿವಾ ಅಣ್ಣಾ?’

ಅಪ್ಪ ಬಾಗಿಲಿಗೆ ಬಂದ. ಮೊಣಕೈವರೆಗೂ ಹಿಟ್ಟು. ಒಂದು ಕ್ಷಣ ಅವನಿಗೆ ಅರ್ಥವಾಗಲಿಲ್ಲ. ಆಮೇಲೆ ಹಿಂದಕ್ಕೆ ತಿರುಗಿ, ಗೋಡೆಯ ಪಕ್ಕದಲ್ಲಿ ಮುಚ್ಚಳ ಹಾಕಿದಂತೆಯೇ ಇದ್ದ ಉಪ್ಪಿನ ಜಾಡಿಯನ್ನು ನೋಡಿದ. ಇಷ್ಟು ವರ್ಷ ಅವನು ಆ ಜಾಡಿಗೆ ಕೈ ಹಾಕುತ್ತಿದ್ದುದು ಹೆಂಗಸರು ಕೇಳಿ, ಅವರನ್ನು ಗದರಿಸಿ ಕಳಿಸಿದ ಮೇಲೆ. ಅಷ್ಟು ದಿನ ಅದು ಅವನಿಗೂ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ.

ಮೇನೇಜರು ಓಡಿ ಬಂದು, ಹೋಗಲಿ ಬಿಡಿ, ಅದನ್ನು ಚೆಲ್ಲಿ ಇನ್ನೊಂದು ಕೊಪ್ಪರಿಗೆ ಕಲಸಿ ಎಂದರು. ಅಪ್ಪ ನಲ್ಲಿಯ ಕೆಳಗೆ ಕೈ ಹಿಡಿದ. ಬೆರಳ ಸಂದಿಯ ಹಿಟ್ಟನ್ನೆಲ್ಲ ನಿಧಾನವಾಗಿ ತೊಳೆದ.

‘ಕೇಳೋರು ಹೊರಗವ್ರೆ ಸಾರ್’ ಎಂದ. ‘ಅವ್ರು ಒಳಕ್ಕೆ ಬಂದ್ರೆ ಕಲಸ್ತೀನಿ.’

ಹೊರಗೆ ಬಂದು ಅಕ್ಕನ ಪಕ್ಕದಲ್ಲಿ ಕೂತ. ನಾನು ಇಬ್ಬರ ನಡುವೆ ಕೂರಲು ಹೋದೆ, ಅಭ್ಯಾಸ ನೋಡಿ. ಅಕ್ಕ ನನ್ನನ್ನು ಆಚೆ ತಳ್ಳಿ, ತನ್ನ ಪಾಲಿನ ಚೂರನ್ನು ಅಪ್ಪನಿಗೆ ಕೊಟ್ಟಳು. ‘ತಿನ್ನಪ್ಪ. ಏನ್ ಮಾಡಿದ್ಯಾ ಅಂತ ನೀನೇ ನೋಡು’ ಎಂದಳು. ಮೂರು ವಾರದಲ್ಲಿ ನೇರವಾಗಿ ಆಡಿದ ಮೊದಲ ಮಾತು ಅದು.

ಅವರನ್ನು ಯಾರೂ ಒಳಗೆ ಕರೆಯಲಿಲ್ಲ. ಎರಡು ದಿನದಲ್ಲಿ ಗೇಟಿಗೆ ಬೀಗ ಬಿತ್ತು. ಬಾಣಲೆಗಳನ್ನು ಲಾರಿಯಲ್ಲಿ ಎಲ್ಲಿಗೋ ಸಾಗಿಸಿದರು. ಅಪ್ಪ ಉಪ್ಪು ಹಾಕಿದ್ದರೆ ಫ್ಯಾಕ್ಟರಿ ಉಳಿಯುತ್ತಿತ್ತು ಎಂದು ಊರಲ್ಲಿ ಕೆಲವರು ಬಹಳ ವರ್ಷ ಹೇಳಿದರು. ಇರಬಹುದು, ನಾನೂ ಈ ಬಗ್ಗೆ ಸಾಕಷ್ಟು ನಿದ್ದೆಗೆಟ್ಟಿದ್ದೇನೆ. ಕಿಟಕಿಯ ಪಕ್ಕ ನಿಂತು ಬಾರದ ಕಲ್ಲನ್ನು ಕಾಯುವ ಬದಲು ನಾನೇ ಒಂದು ಮಾತು ಕೇಳಬಹುದಿತ್ತಲ್ಲ. ಅಕ್ಕ ರೇಷ್ಮೆ ನೂಲು ತೆಗೆಯುವ ಕೆಲಸಕ್ಕೆ ಹೋದಳು. ಅಪ್ಪ ಹೆಂಚಿನ ಕಾರ್ಖಾನೆಯಲ್ಲಿ ಮಣ್ಣು ಕಲಸಲು ಸೇರಿದ. ಇಲ್ಲಿಯೂ ಕಲಸುವುದೇ, ಉಪ್ಪಿನ ಗೊಡವೆ ಮಾತ್ರ ಇಲ್ಲ ಎನ್ನುತ್ತಿದ್ದ. ಹೇಳಿ ನಗುತ್ತಿದ್ದ, ಆದರೆ ಬೆಳಿಗ್ಗೆ ಏಳರ ಹೊತ್ತಿಗೆ ಸುಮ್ಮನೆ ಬಾಗಿಲಿಗೆ ಬಂದು ನಿಲ್ಲುತ್ತಿದ್ದ.

ಮಕ್ಕಳೇ, ನೀವು ಟಿವಿ ನೋಡುತ್ತಾ ಹರಿಯುವ ನಿಪ್ಪಟ್ಟಿನ ಪೊಟ್ಟಣವನ್ನು ನಾನು ದಿನಾ ನೋಡುತ್ತೇನೆ. ಒಂದರ ಹಾಗೇ ಇನ್ನೊಂದು, ಅಂಚು ಕೂಡ ಮುರಿದಿರುವುದಿಲ್ಲ. ಉಪ್ಪು ಎಷ್ಟೆಂದು ಹಿಂಬದಿಯಲ್ಲಿ ಅಚ್ಚು ಹಾಕಿರುತ್ತಾರೆ. ಅದನ್ನು ಕಲಸಿದವರು ಯಾರು, ಅವರ ಮುಂದೆ ಯಾರು ನಗುತ್ತಾ ಹಾದು ಹೋದರು ಎಂದು ಮಾತ್ರ ಬರೆದಿರುವುದಿಲ್ಲ.

ಮೊನ್ನೆ ಭಾನುವಾರ ನಿಮಗೆಂದು ನಾನೇ ನಿಪ್ಪಟ್ಟು ಕರಿಯಲು ನಿಂತೆ. ಗ್ಯಾಸು ಮುಗಿದರೆ, ಎಣ್ಣೆ ಸಿಡಿದರೆ, ನೀವು ಓಡಿ ಬಂದು ಬಾಣಲೆಗೆ ಡಿಕ್ಕಿ ಹೊಡೆದರೆ ಎಂದು ಇಡೀ ಮಧ್ಯಾಹ್ನ ಬೆವರಿದೆ. ಯಾವುದೂ ಆಗಲಿಲ್ಲ. ನೀವು ಮೂವರೂ ನಿಮ್ಮ ನಿಮ್ಮ ಮೊಬೈಲು ಹಿಡಿದು ಕೋಣೆಯಲ್ಲಿ ಸುಮ್ಮನಿದ್ದಿರಿ. ಮನೆ ಎಷ್ಟು ಶಾಂತವಾಗಿತ್ತು! ತಟ್ಟೆ ತಂದಿಟ್ಟಾಗ ನಿಮ್ಮಲ್ಲಿ ಚಿಕ್ಕವಳು ಒಂದನ್ನು ಕಚ್ಚಿ, ತಲೆ ಎತ್ತದೆ, ‘ಅಜ್ಜಿ, ಉಪ್ಪೇ ಇಲ್ಲ’ ಎಂದಳು.

ಮುಂದಿನ ಸಲ ನಾನು ಹಿಟ್ಟಿಗೆ ಕೈ ಹಾಕಿದಾಗ ಒಬ್ಬರಾದರೂ ಅಡುಗೆಮನೆಯ ಮುಂದೆ ಹಾದು ಹೋಗಿ, ಹಾಕಿದೆಯಾ ಎಂದು ಕೇಳಿ. ನಾನು ಗದರಿಸುತ್ತೇನೆ. ಆದರೂ ಕೇಳಿ.