ಚರ್ಚಿನ ಹಿಂದಿನ ಡಬ್ಬಿ

ನಾನಾಗ ಬೆಳಗಾವಿಯ ಒಂದು ಪಾಲಿಟೆಕ್ನಿಕ್‌ನಲ್ಲಿ ಸರ್ವೆ ಕಲಿಸುತ್ತಿದ್ದೆ. ಅಂಗೈಯಗಲದ ಜಿಪಿಎಸ್ ಯಂತ್ರ ಊರಿಗೇ ಹೊಸದು; ನಮ್ಮ ವಿಭಾಗಕ್ಕೆ ಒಂದು ಬಂದಿತ್ತು. ಸೈಬರ್ ಕೆಫೆಯಲ್ಲಿ ಕೂತಾಗ ಅದರದೊಂದು ಆಟ ಕಣ್ಣಿಗೆ ಬಿತ್ತು. ಯಾರೋ ಎಲ್ಲೋ ಡಬ್ಬಿ ಬಚ್ಚಿಟ್ಟು ಅದರ ಅಕ್ಷಾಂಶ, ರೇಖಾಂಶವನ್ನು ಇಂಟರ್ನೆಟ್ಟಿನಲ್ಲಿ ಬರೆದಿಡುತ್ತಾರೆ; ಉಳಿದವರು ಹುಡುಕಬೇಕು. ಗೋವಾಕ್ಕೆ ಹೊರಟ ಪ್ರವಾಸಿಯೊಬ್ಬ ಖಾನಾಪುರದ ಆಚೆ, ಹೊಸ ಚರ್ಚೊಂದರ ಹಿಂದೆ ಅಂಥದೊಂದನ್ನು ಇಟ್ಟಿದ್ದ.

ಶನಿವಾರ ಮಧ್ಯಾಹ್ನ ಹೆಂಡತಿಯನ್ನು ಸ್ಕೂಟರಿನ ಮೇಲೆ ಕೂರಿಸಿಕೊಂಡು ಹೋದೆ. ಕಾಡಿನಂಚಿನಲ್ಲಿ ಚರ್ಚು ಒಂದೇ ನಿಂತಿತ್ತು. ಗೋಪುರವಿಲ್ಲ, ಒಂದೇ ಕಡೆಗೆ ಇಳಿದ ಕಾಂಕ್ರೀಟ್ ಸೂರು. ಕಿಟಕಿಗಳಿಗೆಲ್ಲ ಹಲಗೆ ಹೊಡೆದಿದ್ದರು. ಕಟ್ಟುವ ಕೆಲಸ ಮುಗಿದಿರಲಿಕ್ಕಿಲ್ಲ ಅಂದುಕೊಂಡೆ.

ಯಂತ್ರ ನೋಡುತ್ತ ಗೋಡೆಯ ಗುಂಟ ನಡೆದೆ. ಎರಡನೇ ಸುತ್ತಿನಲ್ಲಿ ಹೆಂಡತಿ ತೋಳು ಹಿಡಿದಳು.

“ರೀ, ನಡೀರಿ ಹೋಗೂಣು. ಒಳಗ ಯಾರೋ ಅದಾರ. ನಾವು ಸರದಂಗ ಅವ್ರೂ ಸರ್ಯಾಕತ್ತಾರ.”

ಕಿವಿಗೊಟ್ಟೆ. ಗೋಡೆಯ ಆಚೆ ಬರಿಗಾಲಿನ ಸಪ್ಪಳ. ನಾವು ನಿಂತಿದ್ದೇ ಅದೂ ನಿಂತಿತು.

ಆದರೆ ಇನ್ನು ಐದೇ ಹೆಜ್ಜೆ ಉಳಿದಿತ್ತು. ಕಲ್ಲುಗುಪ್ಪೆಯೊಳಗೆ ಕೈ ಹಾಕಿದೆನೋ ಇಲ್ಲವೋ, ಚರ್ಚಿನೊಳಗೆ ಗಂಟೆ ಬಡಿಯತೊಡಗಿತು, ಬಿಡುವಿಲ್ಲದೆ. ಗದ್ದೆಗಳಿಂದ ಜನ ಓಡಿ ಬಂದರು. ಕೆಲವರ ಕೈಯಲ್ಲಿ ಕುಡುಗೋಲು. ಬಂದವರು ನಮ್ಮ ಸುತ್ತ ನಿಂತರು.

ಗಂಟೆ ಬಡಿದ ಮುದುಕಿ ಹೊರಗೆ ಬಂದಳು. ಚರ್ಚು ಗುಡಿಸುವಾಕೆ. ಮರಾಠಿ ಬೆರೆತ ಕನ್ನಡದಲ್ಲಿ ಅಂದಳು: “ಹೋದ ವಾರ ಇಬ್ರು ಹಿಂಗ ಸುತ್ತೂಕಡೆ ನೋಡ್ಕೊಂಡು ಹೋದ್ರು. ಮೂರನೇ ದಿನ ಕಿಟಕಿ ಎಲ್ಲಾ ಒಡದ್ರು. ಖರೇ ಹೇಳ್ರಿ, ನೀವೇನು ಇಡಾಕ ಬಂದೀರಿ?”

“ಇಡಾಕಲ್ಲವ್ವಾ, ತಗ್ಯಾಕ” ಎಂದೆ. ನನ್ನ ಕಿವಿಗೇ ಅದು ಸುಳ್ಳಿನಂತೆ ಕೇಳಿಸಿತು.

ಡಬ್ಬಿ ಎತ್ತಿದಾಗ ಎಲ್ಲರೂ ಹಿಂದೆ ಸರಿದರು. “ಬಾಂಬ್” ಎಂದು ಯಾರೋ ಪಿಸುಗುಟ್ಟಿದರು. ನನ್ನ ಕೈ ಅಲ್ಲೇ ನಿಂತುಬಿಟ್ಟಿತು. ಹೆಂಡತಿಯೇ ಅದನ್ನು ಕಸಿದುಕೊಂಡು ಮುಚ್ಚಳ ತೆಗೆದಳು: ಚಿಕ್ಕ ನೋಟ್‌ಬುಕ್, ಮೋಟು ಪೆನ್ಸಿಲ್, ಪ್ಲಾಸ್ಟಿಕ್ ಆನೆ.

ಅಷ್ಟರಲ್ಲಿ ಬಂದ ಪಾದ್ರಿಗಳು ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. ನಗಲಿಲ್ಲ. “ಇದನ್ನ ತಗೊಂಡು ಹೋಗ್ರಿ. ಮತ್ತ್ಯಾರೂ ಹುಡುಕ್ಕೋಂತ ಬರಬಾರದು, ಹಂಗ ಬರೀರಿ” ಎಂದರು.

ಸ್ಕೂಟರ್ ಚಾಲೂ ಮಾಡುವಾಗ ಒಬ್ಬಾತ ಅದರ ನಂಬರನ್ನು ಇದ್ದಿಲಿನಿಂದ ಗೋಡೆಯ ಮೇಲೆ ಬರೆದುಕೊಳ್ಳುತ್ತಿದ್ದ.

ಅಂದೇ ಸಂಜೆ ಕೆಫೆಗೆ ಹೋಗಿ, ಡಬ್ಬಿ ತೆಗೆದಿದ್ದೇವೆ, ದಯವಿಟ್ಟು ಅಲ್ಲಿಗೆ ಯಾರೂ ಹೋಗಬೇಡಿ ಎಂದು ಬರೆದೆ. ಅಲ್ಲಿಂದ ಸದಾಶಿವನಗರದ ಮನೆಗೆ ಬಂದೆವು. ಹೆಂಡತಿ ಚಪ್ಪಲಿ ಬಿಡುತ್ತ ಕೇಳಿದಳು: “ಆ ಮುದುಕಿ ಗಂಟಿ ಹೆಂಗ ಬಡದ್ಲು, ಕೇಳಿದ್ರೇನು? ನಮ್ಮನ್ನ ನೋಡಿ ಅಂಜಿದ್ಲು ರೀ ಆಕಿ.”