ತೋಳಿನ ಬಿಳಿ ನೂಲು

ಹೊಸೂರಿನ ಹತ್ತಿರದ ನಮ್ಮೂರು ತಳಿಯ ಟೈಲರ್ ತಾತನ ತುಟಿಗಳ ನಡುವೆ ಸದಾ ಎರಡು ಗುಂಡುಸೂಜಿ ಇರುತ್ತಿದ್ದವು. ಅವನ್ನು ಕಚ್ಚಿಕೊಂಡೇ ಬೈಯುತ್ತಿದ್ದ, ಕಚ್ಚಿಕೊಂಡೇ ನಗುತ್ತಿದ್ದ. ಅಳತೆ ಬರೆದುಕೊಳ್ಳುವುದು ತಮಿಳಿನಲ್ಲಿ, ಬೈಗುಳ ತೆಲುಗಿನಲ್ಲಿ, ಮಿಕ್ಕ ಮಾತೆಲ್ಲ ಕನ್ನಡದಲ್ಲಿ. ನಮಗೂ ಅವನಿಗೂ ರಕ್ತಸಂಬಂಧ ಇರಲಿಲ್ಲ. ಆದರೆ ನನ್ನ ಶಾಲೆಯ ಚಡ್ಡಿಯಿಂದ ಮದುವೆಯ ಪ್ಯಾಂಟಿನವರೆಗೆ ಎಲ್ಲವನ್ನೂ ಹೊಲಿದವನು ಅವನೇ.

ಹೊಸೂರಿನ ಕಾರ್ಖಾನೆಯವರು ಹೊಸ ಮಿಷನ್ನು ಕಲಿತು ಬರಲು ನನ್ನನ್ನು ಎರಡು ತಿಂಗಳು ಜರ್ಮನಿಗೆ ಕಳಿಸುವುದೆಂದಾಯಿತು. ಕೊನೆಯ ದಿನ ಅಲ್ಲಿಯ ದೊಡ್ಡ ಹೋಟೆಲಿನಲ್ಲಿ ಊಟ, ಕೋಟಿಲ್ಲದೆ ಒಳಗೆ ಬಿಡುವುದಿಲ್ಲ ಎಂದು ಆಫೀಸಿನಲ್ಲಿ ಹೇಳಿದರು. ನಾನು ಹೆದರಿ ತಾತನ ಬಳಿಗೆ ಓಡಿದೆ. ಅವನು ಟೇಪು ಮುಟ್ಟಲೇ ಇಲ್ಲ.

"ಉಣ್ಣಾಕೆ ಹೋಗೋ ಕೋಟು ತಾನೆ? ಹಸ್ದ ಹೊಟ್ಟೇಲಿ ಅಳತೆ ತಗಂಡ್ರೆ ಅಲ್ಲಿ ಗುಂಡಿ ಕಿತ್ಕಂಡು ಸಾರೊಳಕ್ಕೆ ಬೀಳ್ತದೆ. ಮೊದ್ಲು ಉಣ್ಣು ಬಾರ್ಲಾ."

ಮನೆಯೊಳಗೆ ಕೂರಿಸಿ ಎರಡು ಮುದ್ದೆ, ಹುರುಳಿ ಸಾರು ಉಣ್ಣಿಸಿ, ಆಮೇಲೆ ಸೊಂಟ ಅಳೆದ. ಎಂಬತ್ತರ ಹತ್ತಿರದ ಕೈ, ಆದರೂ ಅವನ ಹೊಲಿಗೆ ಗೆರೆ ಎಳೆದ ಹಾಗಿತ್ತು.

ಕೋಟು ಕೊಡುವಾಗ ಬಲತೋಳಿನ ಅಂಚಿನಲ್ಲಿ ಬೆರಳುದ್ದದ ಕಚ್ಚಾ ಹೊಲಿಗೆ, ಬಿಳಿ ನೂಲಿನದು, ಹಾಗೇ ಉಳಿದಿತ್ತು. ದೂರ ಹೋಗುವವರ ಬಟ್ಟೆಯಲ್ಲಿ ಅವನು ಹೀಗೆ ಬಿಡುತ್ತಿದ್ದ, ಗಂಡನ ಮನೆಗೆ ಹೋಗುವ ಹೆಣ್ಣುಮಕ್ಕಳ ರವಿಕೆಯಲ್ಲೂ. ಅವರು ತಿರುಗಿ ಊರಿಗೆ ಬಂದಾಗ ತಾನೇ ಕತ್ತರಿಸುತ್ತಿದ್ದ.

"ನೀನು ಕೀಳ್ಬ್ಯಾಡ ಕಣ್ಲಾ. ವಾಪಸ್ ಬಾ, ನಾನೇ ಕೀಳ್ತೀನಿ."

ಆ ಹೋಟೆಲಿನ ಬಾಗಿಲಲ್ಲಿ ನಿಂತಿದ್ದವನು ನನ್ನ ತೋಳನ್ನೇ ನೋಡಿದ. ಕಪ್ಪು ಬಟ್ಟೆಯ ಮೇಲೆ ಬಿಳಿ ನೂಲು. ಮಾನ ಹೋದಂತಾಗಿ, ಕೈ ತೊಳೆಯುವ ಕೋಣೆಗೆ ಹೋಗಿ, ಹಲ್ಲಿನಿಂದ ಕಿತ್ತು ಕಸದ ಬುಟ್ಟಿಗೆ ಹಾಕಿದೆ. ಆಮೇಲೆ ಯಾರೂ ನನ್ನ ಕಡೆ ನೋಡಲಿಲ್ಲ. ತಟ್ಟೆಯಲ್ಲಿ ಬಂದದ್ದು ಎರಡು ತುತ್ತು. ಕೋಟಿನಲ್ಲಿ ಎರಡು ಮುದ್ದೆಯ ಜಾಗ ಖಾಲಿಯೇ ಉಳಿಯಿತು. ಊರಿಗೆ ಹೋದ ಕೂಡಲೇ ಇದನ್ನು ತಾತನಿಗೆ ಹೇಳಿ ನಗಿಸಬೇಕು ಅಂದುಕೊಂಡೆ.

ಬಂದಾಗ ತಾತ ಇರಲಿಲ್ಲ. ತೀರಿಕೊಂಡು ಒಂಬತ್ತು ದಿನವಾಗಿತ್ತು. ಅವನ ಮಗಳು ಒಂದು ಸಣ್ಣ ಕತ್ತರಿ ತಂದು ತೋರಿಸಿದಳು.

"ನಿನ್ ನೂಲು ಕೀಳ್ಬೇಕು ಅಂತ ತಲೆದಿಂಬಿನ ಕೆಳ್ಗೇ ಮಡಿಕ್ಕಂಡಿದ್ದ. ಬಂದ್ನಾ, ಬಂದ್ನಾ ಅಂತ ದಿನಾ ಕೇಳೋನು. ಕೋಟು ತಗಂಬಾ, ಅಪ್ಪನ ಬದ್ಲು ನಾನೇ ಕೀಳ್ತೀನಿ."

ಕಿತ್ತು ಹಾಕಿದ್ದನ್ನು ಹೇಳದೆ, ನಾಳೆ ತರುತ್ತೇನೆ ಎಂದೆ. ಎಂಥ ಮಾನ, ಯಾರ ಮುಂದಿನ ಮಾನ! ಮನೆಗೆ ಹೋಗಿ ಸೂಜಿಗೆ ಬಿಳಿ ನೂಲು ಪೋಣಿಸಿ, ಅಳುತ್ತಲೇ ಅದೇ ಜಾಗದಲ್ಲಿ ಹೊಲಿದೆ. ಗುಂಡಿ ಹಚ್ಚಲೂ ಬಾರದ ಕೈ, ಹೊಲಿಗೆ ಸೊಟ್ಟಗಾಯಿತು. ಮಾರನೆಯ ಬೆಳಿಗ್ಗೆ ಕೋಟು ಒಯ್ದು ಅವಳ ಮಡಿಲಲ್ಲಿಟ್ಟೆ. ಅವಳು ಆ ಹೊಲಿಗೆಯ ಮೇಲೆ ಬೆರಳಾಡಿಸಿದಳು. ಒಂದು ಗಳಿಗೆ ನನ್ನ ಮುಖ ನೋಡಿದಳು.

"ಕೊನೆಕೊನೇಗೆ ಅಪ್ಪನ ಕೈ ಬೋ ನಡುಗ್ತಿತ್ತು ಕಣ್ಲಾ" ಎಂದು ಕತ್ತರಿ ಎತ್ತಿಕೊಂಡಳು.