ಎತ್ತದ ವೀಳ್ಯದೆಲೆ

ನಮ್ಮಕ್ಕನ ಹೆಸರು ತಮಿಳರಸಿ. ಮನೆಯಲ್ಲಿ ಆಡುವುದು ಕನ್ನಡ, ಬೈಯುವುದು ಕನ್ನಡ ತಮಿಳು ಎರಡರಲ್ಲೂ. ನಮ್ಮವರು ಕನ್ನಡನಾಡು ಬಿಟ್ಟು ತಮಿಳುನಾಡಿನ ಈ ಕಂಬಂ ಕಣಿವೆಗೆ ಬಂದು ಎಷ್ಟು ತಲೆಮಾರಾಯಿತೋ, ಲೆಕ್ಕ ಇಟ್ಟವರಿಲ್ಲ. ಹಾಗಿದ್ದೂ ಅಪ್ಪ ಮೊದಲ ಮಗಳಿಗೆ ಈ ಹೆಸರಿಟ್ಟರು. ಅರಸಿ ಎಂದು ಕರೆದ ಮೇಲೆ ಅವಳು ಆಳದೆ ಬಿಡುತ್ತಾಳೆಯೇ? ನಾನು ರಾಜೇಂದ್ರನ್, ಕಂಬಂನಲ್ಲಿ ಬಾಳೆಕಾಯಿ ವ್ಯಾಪಾರ. ತಲೆ ನರೆತರೂ ಅವಳ ಮುಂದೆ ಇನ್ನೂ ತಂಬಿಯೇ.

ಉತ್ತಮಪಾಳಯಂ ಬಸ್‌ಸ್ಟ್ಯಾಂಡಿನ ಹಿಂದೆ ಅಕ್ಕನ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇದೆ. ಮುಂದಿನ ಕೋಣೆಯಲ್ಲಿ ಟೈಪ್‌ರೈಟರುಗಳು, ಹಿಂದಿನ ಕೋಣೆಯಲ್ಲಿ ಕಂಪ್ಯೂಟರುಗಳು. ದಿಂಡಿಗಲ್ಲಿನ ಒಂದು ಕಾಲೇಜಿನವರು ಹಳತಾದವೆಂದು ಹೊರಗೆ ಹಾಕಿದ್ದ ಕಂಪ್ಯೂಟರುಗಳನ್ನು ಅಕ್ಕ ಟೆಂಪೋದಲ್ಲಿ ಹೇರಿಸಿ ತಂದಳು. ಕಲಿಯಲು ಬರುವವರು ಹೆಚ್ಚಾಗಿ ದ್ರಾಕ್ಷಿ ತೋಟದ ಹೆಂಗಸರು. ಬೆಳಗಿನ ಕೂಲಿ ಮುಗಿಸಿ, ಉಂಡು, ಷೇರ್ ಆಟೋ ಹಿಡಿದು ಬರುತ್ತಾರೆ. ಬಳ್ಳಿಗೆ ಹೊಡೆದ ಮೈಲುತುತ್ತದ ನೀಲಿ ಉಗುರಲ್ಲೇ ಇರುತ್ತದೆ. ಕೀಬೋರ್ಡೆಲ್ಲ ನೀಲಿಯಾಯಿತಲ್ಲ ಎಂದು ನಾನೊಮ್ಮೆ ಅಂದದ್ದಕ್ಕೆ, ನಿನ್ನ ಅಂಗಿಗೆ ಬಾಳೆ ಕರೆ ಇಲ್ಲವೇ ಎಂದು ಬಾಯಿ ಮುಚ್ಚಿಸಿದಳು. ಸರ್ಕಾರದ ಟೈಪಿಂಗ್ ಪರೀಕ್ಷೆ ಪಾಸಾದರೆ ಬಿಸಿಲಿನಿಂದ ನೆರಳಿಗೆ ಬರಲು ಒಂದು ದಾರಿ. ಆ ದಾರಿ ಅವಳ ಹಿಂದಿನ ಕೋಣೆಯಲ್ಲಿತ್ತು.

ಆ ಯಂತ್ರಗಳಿಗೆ ವಿಂಡೋಸ್ ಹಾಕಿದರೆ ಮುದಿ ಎತ್ತಿನಂತೆ ಮಲಗಿಬಿಡುತ್ತಿದ್ದವು. ಅಕ್ಕನ ಹಳೆಯ ವಿದ್ಯಾರ್ಥಿನಿ ಜನನಿ ಒಂದು ದಿನ ಪೆಬಲ್ ಎಂಬುದನ್ನು ತಂದು ಹಾಕಿಕೊಟ್ಟಳು. ಅದು ವಿಂಡೋಸೂ ಅಲ್ಲ, ಲಿನಕ್ಸೂ ಅಲ್ಲ. ದೇಶದೇಶದ ಹವ್ಯಾಸಿಗಳು ಬಿಡುವಿನಲ್ಲಿ ಬರೆದು, ಯಾರು ಬೇಕಾದರೂ ಬಿಚ್ಚಿ ನೋಡಲಿ, ಬಳಸಲಿ ಎಂದು ತೆರೆದಿಟ್ಟ ಆಪರೇಟಿಂಗ್ ಸಿಸ್ಟಮ್. ಅವರೆಲ್ಲ ಇಂಟರ್‌ನೆಟ್ಟಿನ ಒಂದು ಫೋರಂನಲ್ಲಿ ಕೂಡಿ ಚರ್ಚೆ ಮಾಡುತ್ತಾರೆ. ಅಕ್ಕನೂ ಸೇರಿಕೊಂಡಳು. ಹೊಸ ಆವೃತ್ತಿ ಬಂದಾಗಲೆಲ್ಲ ಎಲ್ಲಕ್ಕಿಂತ ಹಳೆಯ ಯಂತ್ರಕ್ಕೆ ಹಾಕಿ ನೋಡಿ ವರದಿ ಬರೆಯುವಳು. ಅವಳ ಇಂಗ್ಲಿಷು ತಂತಿ ಕೊಟ್ಟಂತೆ: ಏಳುತ್ತದೆ, ಕೀಬೋರ್ಡ್ ಸರಿ, ಶಬ್ದ ಇಲ್ಲ. ಅಲ್ಲಿಯವರಿಗೆ ಅದೇ ಬೇಕಿತ್ತು.

ಕಳೆದ ವರ್ಷ ಆ ಕೂಟ ನಡೆಸುವ ಜರ್ಮನಿಯವನೊಬ್ಬ ಒಂದು ಸೂಚನೆ ಹಾಕಿದ. ಹಳೆಯ ಯಂತ್ರಗಳಿಗೆಂದು ಬೇರೆಯಾಗಿ ಪೆಬಲ್ ತಯಾರಿಸುವುದನ್ನು ನಿಲ್ಲಿಸೋಣ, ಬಳಸುವವರೇ ಇಲ್ಲ, ಆಕ್ಷೇಪವಿದ್ದವರು ಒಂದು ವಾರದಲ್ಲಿ ಹೇಳಿ ಎಂದು. ನಿಂತುಹೋದರೆ ಇಂಟರ್‌ನೆಟ್ಟಿನ ಪುಟಗಳು ಒಂದೊಂದಾಗಿ ತೆರೆಯದಾಗುತ್ತವೆ, ಹಿಂದಿನ ಕೋಣೆ ಗುಜರಿಯಾಗುತ್ತದೆ. ಸುದ್ದಿ ಕೇಳಿ ನಾನು ಕಂಬಂನಿಂದ ಓಡಿಬಂದೆ. ಅಕ್ಕ ಮಾತ್ರ ಒಂದಕ್ಷರ ಬರೆಯದೆ ಕಾಫಿ ಕುಡಿಯುತ್ತಾ ಕೂತಿದ್ದಳು.

"ನಾ ಎಲೆ ಎತ್ತಿಲ್ಲೆ ತಂಬಿ. ಅವ್ರು ಎಂಗೆ ಎದ್ದು ಓಗ್ತಾರೆ?" ಎಂದಳು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮವರ ಪಂಚಾಯಿತಿ ಕಂಬಳಿಯ ಮೇಲೆ. ಕರಿ ಕಂಬಳಿ ಹಾಸಿ, ನೀರು ತುಂಬಿದ ಕಲಶಕ್ಕೆ ಬೇವಿನಸೊಪ್ಪು ಇಟ್ಟು, ಪಕ್ಕದಲ್ಲಿ ವೀಳ್ಯದ ತಟ್ಟೆ. ಒಪ್ಪಿದವರು ಎಲೆ ಎತ್ತಿಕೊಳ್ಳುತ್ತಾರೆ. ಎತ್ತದವನು ಒಪ್ಪಿಲ್ಲ. ಒಬ್ಬನ ಎಲೆ ತಟ್ಟೆಯಲ್ಲಿ ಉಳಿದರೂ ಕೂಟ ಏಳುವಂತಿಲ್ಲ. ಬಾವಿಗೆ ಹೋಗುವ ದಾರಿ ಮುಚ್ಚುವ ಮಾತು ಬಂದಾಗ ನಮ್ಮ ತಾತ ಹೀಗೇ ಬಾಯಿ ಬಿಡದೆ ಕೂತು, ಊರಿನ ಗಂಡಸರನ್ನೆಲ್ಲ ಹಸಿವಿನಿಂದ ಒದ್ದಾಡಿಸಿ ದಾರಿ ಉಳಿಸಿಕೊಂಡಿದ್ದ. ಮೌನಂ ಸಮ್ಮತಿ ಲಕ್ಷಣಂ ಎಂದು ಲೋಕ ಹೇಳಲಿ, ನಮ್ಮಲ್ಲಿ ಮೌನವೆಂದರೆ ಜಗಳ ಇನ್ನೂ ಮುಗಿದಿಲ್ಲವೆಂದು.

ವಾರ ಕಳೆಯಿತು. ಯಾರೂ ಆಕ್ಷೇಪಿಸಲಿಲ್ಲ, ಆದ್ದರಿಂದ ಎಲ್ಲರೂ ಒಪ್ಪಿದ್ದಾರೆ ಎಂದು ಜರ್ಮನಿಯವನು ಬರೆದು ಮುಗಿಸಿದ. ಅಲ್ಲಿ ಸುಮ್ಮನಿದ್ದರೆ ಒಪ್ಪಿದಂತೆಯೇ ಲೆಕ್ಕ ಎಂದು ಜನನಿ ಮೆಲ್ಲಗೆ ತಿಳಿಸಿದಳು.

"ಅಂಗಂದ್ರೆ ಸತ್ತೋರೂ ಸಮ್ಮತ ಏಳಿದಂಗೆ ಆಯ್ತು" ಎಂದಳು ಅಕ್ಕ. ಮುಖ ಕೆಂಡವಾಗಿತ್ತು.

ಅವಳು ಮೊದಲು ಟೈಪ್‌ರೈಟರಿನಲ್ಲಿ ಹೊಡೆದು, ತಿದ್ದಿ, ಆಮೇಲೆ ಫೋರಂನಲ್ಲಿ ಬರೆದಳು: ಯಾರು ಬೇಡ ಅನ್ನುತ್ತೀರಿ ಎಂದು ಕೇಳಿದಿರಿ, ಯಾರು ಒಪ್ಪುತ್ತೀರಿ ಎಂದು ಕೇಳಲೇ ಇಲ್ಲ, ಮತ್ತೆ ಕೇಳಿ. ಮುಗಿದ ವಿಷಯ, ಹೊಸ ಯಂತ್ರ ಕೊಳ್ಳಿ ಎಂದ ಒಬ್ಬ. ಇಷ್ಟವಿಲ್ಲದಿದ್ದರೆ ಬೇರೆ ಸಿಸ್ಟಮ್ಮಿಗೆ ಹೋಗಿ ಎಂದ ಇನ್ನೊಬ್ಬ. ಹನುಮಂತನಪಟ್ಟಿಯಿಂದ ಕಲಿಯಲು ಬರುವ ವಳ್ಳಿ ಮತ್ತು ಅವಳ ಜೊತೆಯವರು ತಾವೂ ಖಾತೆ ತೆರೆದು, ನಾವು ಬಳಸುತ್ತೇವೆ, ನಾವು ಒಪ್ಪಿಲ್ಲ ಎಂದು ಒಂದೊಂದು ಸಾಲು ಹಾಕಿದರು. ಎಲ್ಲ ಒಂದೇ ಮನೆಯಿಂದ ಬಂದಿದೆ, ಸುಳ್ಳು ಖಾತೆಗಳು ಎಂದು ಫೋರಂನವರು ಅವನ್ನು ಅಳಿಸಿ ಚರ್ಚೆಗೆ ಬೀಗ ಹಾಕಿದರು. ಮೈಲುತುತ್ತದ ಬೆರಳಲ್ಲಿ ಅಕ್ಷರ ಹುಡುಕಿ ಹುಡುಕಿ ಬರೆದವರನ್ನು ಇಲ್ಲವೇ ಇಲ್ಲ ಎಂದುಬಿಟ್ಟರು. ನನಗೆ ಅಕ್ಕನಿಗಿಂತ ಹೆಚ್ಚು ಉರಿಯಿತು.

ಆದರೂ ನಾನು ವ್ಯಾಪಾರದವನು. ನೀನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಕೂರಬೇಡ, ಬೇರೆ ಸಿಸ್ಟಮ್ ನೋಡೋಣ ಎಂದೆ.

"ನಾವು ಒಂದು ತಡವೆ ಊರು ಬಿಟ್ಟು ಬಂದೋರು. ಇನ್ನೊಂದು ತಡವೆ ಯಾರ್ ಏಳಿದ್ರೂ ಬಿಡಾಕಿಲ್ಲೆ."

ಮರುದಿನ ನಮ್ಮ ಮನೆಯ ಟ್ರಂಕಿನಲ್ಲಿದ್ದ ತಾತನ ಕಂಬಳಿ ಬೇಕೆಂದಳು. ಅದರ ಮೇಲೆ ಹೆಂಗಸರು ಕೂತದ್ದೇ ಇಲ್ಲ. ನಾನು ಹೂಂ ಅನ್ನಲಾರದೆ ಊಹೂಂ ಅನ್ನಲಾರದೆ ನಿಂತೆ.

"ಸುಮ್ನಿದ್ದೀಯಲ್ಲ ತಂಬಿ, ಸಮ್ಮತ ಅಂತ ಬರ್ಕೊಳ್ಳಲಾ?" ಎಂದು ತಾನೇ ಟ್ರಂಕು ತೆಗೆದಳು.

ಪೆಬಲ್‌ನವರು ತಿಂಗಳಿಗೊಮ್ಮೆ ವೀಡಿಯೋದಲ್ಲಿ ಸೇರುತ್ತಾರೆ, ಯಾರು ಬೇಕಾದರೂ ಬರಬಹುದು. ಆ ತಿಂಗಳ ಕೂಟದ ಸಂಜೆ ಹಿಂದಿನ ಕೋಣೆಯಲ್ಲಿ ಕಂಬಳಿ ಹಾಸಿ, ಕಲಶ ಇಟ್ಟು, ತಟ್ಟೆಯಲ್ಲಿ ಎಲೆ ಜೋಡಿಸಿ ಹೆಂಗಸರೆಲ್ಲ ಕೂತರು. ಅವರ ಬೆನ್ನಿಗೆ ಹಳೆಯ ಯಂತ್ರಗಳೆಲ್ಲ ಬೆಳಗುತ್ತಿದ್ದವು. ಜನನಿ ತನ್ನ ಫೋನನ್ನು ಸ್ಟೂಲಿನ ಮೇಲೆ ನಿಲ್ಲಿಸಿದಳು. ಜರ್ಮನಿಯವನು ಅವರನ್ನು ನೋಡಿ ಪರದೆಯ ಹತ್ತಿರಕ್ಕೆ ಬಾಗಿದ. ಅಕ್ಕ ಪೀಠಿಕೆ ಹಾಕಲಿಲ್ಲ. ನೀವು ಸುಳ್ಳು ಖಾತೆಗಳು ಎಂದದ್ದು ಇವರನ್ನೇ, ಹೆಸರು ಹಿಡಿದು ಕೇಳಿ, ಯಾರು ಒಪ್ಪುತ್ತಾರೆ ಎಂದಳು.

ಅವನು ಕೆಟ್ಟವನಲ್ಲ. ನಾಲಿಗೆ ಹೊರಳದಿದ್ದರೂ ಒಂದೊಂದು ಹೆಸರನ್ನೂ ಕರೆದು ಕೇಳಿದ. ವಳ್ಳಿ ಇಲ್ಲ ಎಂದಳು. ಪಕ್ಕದವಳೂ ಇಲ್ಲ ಎಂದಳು. ನಮ್ಮ ಕೋಣೆ ಮುಗಿದ ಮೇಲೆ ಅಕ್ಕ, ನಿಮ್ಮ ಕಡೆಯವರನ್ನೂ ಹಾಗೇ ಕೇಳಿ ಎಂದಳು. ಕೇಳಿದ. ಕೆಲವರು ಒಪ್ಪುತ್ತೇವೆ ಎಂದರು. ಆಮೇಲೆ ಪೆರು ದೇಶದ ಒಬ್ಬ ಮೇಷ್ಟ್ರು, ನಿಜ ಹೇಳಬೇಕೆಂದರೆ ನಮ್ಮ ಶಾಲೆಯಲ್ಲೂ ಇಂಥವೇ ಇವೆ, ನಾನೂ ಒಪ್ಪಿಲ್ಲ, ಎಲ್ಲರೂ ಸುಮ್ಮನಿದ್ದರಲ್ಲ ಎಂದು ಸುಮ್ಮನಿದ್ದೆ ಎಂದ. ಅವನ ಹಿಂದೆ ಇನ್ನೊಬ್ಬ. ಆಮೇಲೆ ಮತ್ತೊಬ್ಬಳು.

ಜನನಿ ಅದನ್ನೆಲ್ಲ ನಮ್ಮ ಮಾತಿಗೆ ತಿರುಗಿಸಿ ಹೇಳಿದಳು. ಲೋಕದ ತುಂಬ ಎಲೆ ಎತ್ತದವರು ಇದ್ದರು, ಕೇಳಿದವರಿರಲಿಲ್ಲ.

ಕೊನೆಗೆ ಜರ್ಮನಿಯವನು, ಕ್ಷಮಿಸಿ, ಅಳಿಸಿದ್ದನ್ನು ಮತ್ತೆ ಹಾಕುತ್ತೇವೆ, ಸದ್ಯಕ್ಕೆ ಹಳೆಯ ಯಂತ್ರಗಳ ಪೆಬಲ್ ನಿಲ್ಲುವುದಿಲ್ಲ, ಮುಂದಿನ ವರ್ಷ ಮತ್ತೆ ಮಾತಾಡೋಣ ಎಂದ. ಹೆಂಗಸರು ನಗುತ್ತಾ ಒಬ್ಬೊಬ್ಬರಾಗಿ ಎಲೆ ಎತ್ತಿಕೊಂಡರು. ನೀಲಿ ಬೆರಳುಗಳಲ್ಲೇ ಸುಣ್ಣ ಹಚ್ಚಿಕೊಂಡು ಬಾಯಿಗಿಟ್ಟರು.

ತಟ್ಟೆಯಲ್ಲಿ ಒಂದು ಎಲೆ ಉಳಿಯಿತು. ಎತ್ತಿಕೊ ಅಕ್ಕಾ, ಗೆದ್ದೆಯಲ್ಲ ಎಂದೆ.

"ಸದ್ಯಕ್ಕೆ ಅಂದ್ನಲ್ಲ ಅವ್ನು" ಎಂದಳು.

ನಾನು ಕಂಬಳಿ ಮಡಚಲು ಬಗ್ಗಿದೆ. ಅವಳು ಅದರ ಮೇಲಿಂದ ಏಳಲಿಲ್ಲ.